ಕ್ರಿಸ್‌ಮಸ್ ಊಟಕ್ಕೆ ಯಾವ ವೈನ್? ಮಾಂಸ ನೋಡಬೇಡಿ, ಮಸಾಲೆ ನೋಡಿ

ಡಿಸೆಂಬರ್ ಮೂರನೇ ವಾರ ಬಂತೆಂದರೆ ಮಂಗಳೂರು, ಉಡುಪಿ, ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಒಂದೇ ಗೊಂದಲ. ಖಾರ-ಹುಳಿ ಮಸಾಲೆಯ ಹಂದಿ ಬಾಫತ್ ಇದೆ, ಇಡ್ಲಿಯಂಥ ಸಾನ್ನಾಂ ಇದೆ, ಕೋಳಿ ರೋಸ್ಟ್ ಇದೆ, ಅಂಜಲ್ ಮೀನಿನ ಫ್ರೈ ಇದೆ, ಕೊನೆಗೆ ಕುಸ್ವಾರ್ ಎಂಬ ಕ್ರಿಸ್‌ಮಸ್ ತಿಂಡಿಗಳ ತಟ್ಟೆ ಮತ್ತು ಪ್ಲಮ್ ಕೇಕ್. ಇಷ್ಟಕ್ಕೆಲ್ಲ ಯಾವ ವೈನ್ ತರುವುದು? ಕೆಂಪೋ ಬಿಳಿಯೋ? ಒಂದು ಬಗೆ ಸಾಕೋ, ಮೂರು ಬೇಕೋ? ಅಂಗಡಿಯವರನ್ನು ಕೇಳಿದರೆ ಬಹಳ ಸಲ ಸಿಗುವ ಉತ್ತರ 'ಮಟನ್, ಪೋರ್ಕ್ ಆದರೆ ರೆಡ್ ತಗೊಳ್ಳಿ, ಫಿಶ್ ಆದರೆ ವೈಟ್' ಎಂಬುದು.

ಆ ಸೂತ್ರ ಹುಟ್ಟಿದ್ದು ಉಪ್ಪು, ಕಾಳುಮೆಣಸಿನ ಪುಡಿ, ಬೆಣ್ಣೆ ಇಷ್ಟರಲ್ಲೇ ಮಾಂಸ ಬೇಯಿಸುವ ಯುರೋಪಿನ ಊಟದ ಮೇಜಿನಲ್ಲಿ. ಅಲ್ಲಿ ನಾಲಿಗೆಗೆ ಮೊದಲು ತಾಗುವುದು ಮಾಂಸದ ರುಚಿ. ನಮ್ಮ ಕರಾವಳಿಯ ಹಬ್ಬದ ಊಟದಲ್ಲಿ ಮೊದಲು ತಾಗುವುದು ವಿನೆಗರ್, ಹುಣಸೆ, ಮೆಣಸು, ತೆಂಗು. ಮಾಂಸ ಅದರ ಹಿಂದೆ ಬರುತ್ತದೆ. ಹಾಗಾಗಿ ಬಾಫತ್‌ಗೆ ವೈನ್ ಆರಿಸುವಾಗ ಅದು ಹಂದಿಯೋ ಕುರಿಯೋ ಎನ್ನುವುದಕ್ಕಿಂತ ಅದರಲ್ಲಿ ಹುಳಿ ಎಷ್ಟು, ಖಾರ ಎಷ್ಟು, ಜಿಡ್ಡು ಎಷ್ಟು ಎನ್ನುವುದು ಮುಖ್ಯ. ಕೊಡಗಿನ ಪಂದಿ ಕರಿಗೂ ಇದೇ ಮಾತು. ಕಾಚಂಪುಳಿ ಎಂಬ ಕೊಡಗಿನ ಕಪ್ಪು ವಿನೆಗರ್‌ನ ಹುಳಿ, ಹುರಿದ ಮಸಾಲೆಯ ಕಪ್ಪು, ಕಾಳುಮೆಣಸಿನ ಖಾರ ಮೂರನ್ನೂ ತಾಳಿಕೊಳ್ಳುವ ವೈನ್ ಬೇಕು.

ಮೊದಲು ಅಳೆಯಬೇಕಾದದ್ದು

ಹುಳಿಯಿಂದ ಶುರು ಮಾಡೋಣ, ಏಕೆಂದರೆ ಹೆಚ್ಚಿನ ಜೋಡಿಗಳು ಕೆಡುವುದು ಇಲ್ಲೇ. ವೈನ್‌ನ ಹುಳಿ ಊಟದ ಹುಳಿಗಿಂತ ಕಡಿಮೆ ಇರಬಾರದು. ವಿನೆಗರ್ ಹಾಕಿದ ಹಂದಿ ಸೊರಪೊಟೆಲ್ ಒಂದು ತುತ್ತು ತಿಂದು ಹುಳಿ ಕಡಿಮೆಯ ಮೆತ್ತನೆ ಮೆರ್ಲೋ ಎಂಬ ಕೆಂಪು ವೈನ್ ಕುಡಿದರೆ ವೈನ್ ನೀರು ಬೆರೆಸಿದ ಹಾಗೆ ಸಪ್ಪೆಯಾಗುತ್ತದೆ. ವೈನ್‌ನಲ್ಲಿ ದೋಷವಿಲ್ಲ, ನಾಲಿಗೆ ಅಷ್ಟರಲ್ಲಿ ಹುಳಿಗೆ ಒಗ್ಗಿಕೊಂಡಿರುತ್ತದೆ, ಅಷ್ಟೆ. ಸೊರಪೊಟೆಲ್ ಮತ್ತು ಬಾಫತ್ ಒಂದೆರಡು ದಿನ ಮೊದಲೇ ಮಾಡಿಟ್ಟು ಬಿಸಿ ಮಾಡುವ ಪದ್ಧತಿ ಇರುವುದರಿಂದ, ಮಾಡಿದ ದಿನದ ರುಚಿಯ ಮೇಲೆ ವೈನ್ ಆರಿಸಬೇಡಿ. ಎರಡನೇ ದಿನಕ್ಕೆ ಹುಳಿ, ಉಪ್ಪು ಮಾಂಸದೊಳಗೆ ಇಳಿದು ರುಚಿಯೇ ಬದಲಾಗಿರುತ್ತದೆ. ಬಡಿಸುವ ದಿನದ ರುಚಿ ಹೇಗಿರುತ್ತದೆ ಎಂದು ಅಂದಾಜು ಮಾಡಿ.

ಎರಡನೆಯದು ಖಾರ. ಆಲ್ಕೋಹಾಲ್ ಮೆಣಸಿನ ಉರಿಯನ್ನು ಏರಿಸುತ್ತದೆ. ಲೇಬಲ್ ಮೇಲೆ 14 ಶೇಕಡಾ ಎಂದಿರುವ ವೈನ್ ಖಾರದ ಸಾರಿನ ಜೊತೆ ಗಂಟಲಲ್ಲಿ ಸುಡುತ್ತದೆ. 12ರ ಆಸುಪಾಸಿನದು ಅಷ್ಟು ಕಾಡುವುದಿಲ್ಲ. ಬಾಫತ್ ಪುಡಿಯಲ್ಲಿ ಬರೀ ಬ್ಯಾಡಗಿ ಮೆಣಸು ಇದ್ದರೆ ಬಣ್ಣ ಹೆಚ್ಚು, ಉರಿ ಕಡಿಮೆ, ಆಯ್ಕೆಗೆ ಜಾಗ ಇರುತ್ತದೆ. ಗುಂಟೂರು ಮೆಣಸು ಬೆರೆಸಿದ್ದರೆ, ಮೇಲಿಂದ ಹಸಿಮೆಣಸು ಸೀಳಿ ಹಾಕಿದ್ದರೆ ಆ ಜಾಗ ಕಿರಿದಾಗುತ್ತದೆ. ಖಾರವನ್ನು ತಗ್ಗಿಸುವುದು ಸಿಹಿ. ವೈನ್‌ನಲ್ಲಿ ಸ್ವಲ್ಪ ಸಕ್ಕರೆ ಉಳಿದಿದ್ದರೆ ಖಾರ ಹದಕ್ಕೆ ಬರುತ್ತದೆ.

ಮೂರನೆಯದು ಒಗರು. ಕೆಂಪು ವೈನ್ ಮಾಡುವಾಗ ದ್ರಾಕ್ಷಿಯ ಸಿಪ್ಪೆ, ಬೀಜ ರಸದ ಜೊತೆಯೇ ಇರುವುದರಿಂದ ಟ್ಯಾನಿನ್ ಇಳಿಯುತ್ತದೆ. ಅದೇ ಬಾಯಿ ಒಣಗಿಸುವ ಒಗರು. ಜಿಡ್ಡು ಮತ್ತು ಉಪ್ಪು ಇದ್ದ ಮಾಂಸದ ಜೊತೆ ಒಗರು ಮೆತ್ತಗಾಗುತ್ತದೆ, ಹಿತವಾಗುತ್ತದೆ. ಖಾರದ ಜೊತೆ ಒರಟಾಗಿ ಕಹಿಗೆ ತಿರುಗುತ್ತದೆ. ಮೀನಿನ ಜೊತೆಯಂತೂ ಬೇಡವೇ ಬೇಡ. ಕೆಂಪು ವೈನ್‌ನಲ್ಲಿ ಸಾಮಾನ್ಯವಾಗಿ ಹೆಚ್ಚಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆಗೆ ಸೇರಿ ಬಾಯಲ್ಲಿ ಹಳಸಿದ ಮೀನಿನ ವಾಸನೆ ಎಬ್ಬಿಸುತ್ತದೆ. ಬಂಗುಡೆಯಂಥ ಎಣ್ಣೆ ಮೀನಿನಲ್ಲಿ ಇದು ತಕ್ಷಣ ಗೊತ್ತಾಗುತ್ತದೆ.

ಕೊನೆಯದು ಸಿಹಿ. ಇದರಲ್ಲಿ ವಿನಾಯಿತಿ ಕಡಿಮೆ: ತಿಂಡಿಗಿಂತ ವೈನ್ ಸಿಹಿಯಾಗಿರಬೇಕು. ಪ್ಲಮ್ ಕೇಕ್ ತಿಂದು ಸಿಹಿಯಿಲ್ಲದ ಕೆಂಪು ವೈನ್ ಕುಡಿದರೆ ಬರೀ ಹುಳಿ ಮತ್ತು ಕಹಿ ಉಳಿಯುತ್ತದೆ.

ಇವನ್ನೆಲ್ಲ ಓದಿ ನೆನಪಿಡುವುದಕ್ಕಿಂತ ಒಂದು ಸಣ್ಣ ಪರೀಕ್ಷೆ ಹೆಚ್ಚು ಕಲಿಸುತ್ತದೆ. ಹಬ್ಬಕ್ಕೆ ವಾರ ಇರುವಾಗ ಒಂದು ಬಾಟಲಿ ತಂದು, ಅದೇ ಮಸಾಲೆಯ ಸ್ವಲ್ಪ ಸಾರು ಮಾಡಿ. ವೈನ್ ಒಂದು ಗುಟುಕು, ಸಾರು ಹಚ್ಚಿದ ಸಾನ್ನಾಂ ಒಂದು ತುತ್ತು, ಮತ್ತೆ ವೈನ್ ಒಂದು ಗುಟುಕು. ಎರಡನೇ ಗುಟುಕು ಸಪ್ಪೆ ಅನ್ನಿಸಿದರೆ ಊಟದ ಹುಳಿ ಗೆದ್ದಿದೆ. ಹುಳಿ ಹೆಚ್ಚಾಯಿತು ಅನ್ನಿಸಿದರೆ ಊಟದಲ್ಲಿ ಸಿಹಿ ಹೆಚ್ಚಿದೆ. ಕಹಿ ಅಥವಾ ಉರಿ ಬಂದರೆ ಒಗರು ಇಲ್ಲವೇ ಆಲ್ಕೋಹಾಲ್ ಕಾರಣ. ಎರಡನೇ ಗುಟುಕು ಮೊದಲಿನದಕ್ಕಿಂತ ಹಿತವಾಗಿದ್ದರೆ ಅದನ್ನೇ ತನ್ನಿ.

ಶೆನಿನ್ ಬ್ಲಾಂಕ್: ಒಂದೇ ಬಗೆ ತರುವವರಿಗೆ

ಮೇಜಿನ ಮೇಲೆ ಎಲ್ಲವೂ ಒಟ್ಟಿಗೆ ಇರುವ ಮನೆಗೆ, ಅಂದರೆ ಒಂದೇ ತಟ್ಟೆಯಲ್ಲಿ ಬಾಫತ್, ಪುಲಾವ್, ಸಲಾಡ್, ಮೀನು ಬಡಿಸಿಕೊಳ್ಳುವ ಮನೆಗೆ, ನನ್ನ ಮೊದಲ ಶಿಫಾರಸು ಇದೇ. ಫ್ರಾನ್ಸಿನ ಲುವಾರ್ ಕಣಿವೆಯ ಈ ಬಿಳಿ ವೈನ್ ದ್ರಾಕ್ಷಿ ನಮ್ಮ ನಾಸಿಕ್‌ನಲ್ಲೂ ಕರ್ನಾಟಕದಲ್ಲೂ ಚೆನ್ನಾಗಿ ಒಗ್ಗಿಕೊಂಡಿದೆ. ಹುಳಿ ಸಾಕಷ್ಟಿರುತ್ತದೆ, ಆಲ್ಕೋಹಾಲ್ ಹದವಾಗಿರುತ್ತದೆ, ಒಗರು ಇಲ್ಲವೆನ್ನುವಷ್ಟು ಕಡಿಮೆ. ಭಾರತದ ಹಲವು ಶೆನಿನ್‌ಗಳಲ್ಲಿ ಸ್ವಲ್ಪ ಸಿಹಿಯನ್ನೂ ಉಳಿಸಿರುತ್ತಾರೆ. ನಾಸಿಕ್‌ನ ಸುಲಾ ಕಂಪನಿಯ ಶೆನಿನ್ ಬ್ಲಾಂಕ್ ಅಂಥದ್ದು. ಬಾಫತ್‌ನ ಮೂರೂ ಕಷ್ಟಗಳಿಗೆ ಒಂದೇ ಬಾಟಲಿಯಲ್ಲಿ ಉತ್ತರ ಸಿಗುತ್ತದೆ: ಹುಳಿಗೆ ಹುಳಿ, ಖಾರಕ್ಕೆ ಸಿಹಿ, ಹಂದಿಯ ಕೊಬ್ಬನ್ನು ನಾಲಿಗೆಯಿಂದ ತೊಳೆಯಲು ಮತ್ತೆ ಅದೇ ಹುಳಿ.

ಇದರ ಕೊರತೆಯನ್ನೂ ಹೇಳಬೇಕು. ಹೊಗೆಯಾಡುವ ಮಟನ್ ರೋಸ್ಟ್ ಎದುರು ಇದು ತೆಳುವಾಗಿ ಕಾಣುತ್ತದೆ. ಸಿಹಿ ಸ್ವಲ್ಪವೂ ಇಷ್ಟವಿಲ್ಲದ ಅತಿಥಿಗೆ ಹಿಡಿಸದೆ ಹೋಗಬಹುದು. ಅಂಥವರಿಗೆ ಲೇಬಲ್ ಮೇಲೆ 'ಡ್ರೈ' (ಸಿಹಿಯಿಲ್ಲದ್ದು) ಎಂದು ಸ್ಪಷ್ಟವಾಗಿ ಬರೆದ ಶೆನಿನ್ ಹುಡುಕಿ. ರೀಸ್ಲಿಂಗ್ ಎಂಬ ಬಿಳಿ ವೈನ್ ಸಿಕ್ಕರೆ ಅದನ್ನು ಇದೇ ಸಾಲಿಗೆ ಸೇರಿಸಿಕೊಳ್ಳಿ. ಹುಳಿ ಇನ್ನೂ ಚುರುಕು, ಘಮ ಇನ್ನೂ ಹೆಚ್ಚು, ಆದರೆ ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ.

ಸೋವಿನ್ಯೋ ಬ್ಲಾಂಕ್: ಮೀನು ಮೊದಲು ಬರುವ ಊಟಕ್ಕೆ

ಅಂಜಲ್ ಫ್ರೈ, ರವೆ ಹಚ್ಚಿ ಕರಿದ ಕಾಣೆ, ಸಿಗಡಿ ಸುಕ್ಕ ಇವುಗಳ ಎದುರು ಸೋವಿನ್ಯೋ ಬ್ಲಾಂಕ್ ಕರಿದ ಮೀನಿನ ಮೇಲೆ ನಿಂಬೆ ಹಿಂಡಿದ ಹಾಗೆ ಕೆಲಸ ಮಾಡುತ್ತದೆ. ಹಸಿ ಹುಲ್ಲು, ಕ್ಯಾಪ್ಸಿಕಂ, ಹಸಿಮೆಣಸಿನ ವಾಸನೆ ಈ ದ್ರಾಕ್ಷಿಯ ಗುಣ. ಹಾಗಾಗಿ ಕೊತ್ತಂಬರಿ, ಪುದೀನ ಅರೆದ ಹಸಿರು ಮಸಾಲೆಗೂ ಹೊಂದುತ್ತದೆ. ಸಾಮಾನ್ಯವಾಗಿ ಸಿಹಿ ಇರುವುದಿಲ್ಲ. ಹೀಗಾಗಿ ಬಾಫತ್‌ನ ಹುಳಿಗೆ ಇದು ಒಪ್ಪುತ್ತದೆ, ಆದರೆ ಖಾರಕ್ಕೆ ಆಸರೆ ಕೊಡುವುದಿಲ್ಲ.

ಇದನ್ನು ಕೊಳ್ಳುವಾಗ ವರ್ಷ ನೋಡಿ. ನಮ್ಮಲ್ಲಿ ದ್ರಾಕ್ಷಿ ಕೊಯ್ಲು ಯುರೋಪಿನಂತೆ ಸೆಪ್ಟೆಂಬರಿನಲ್ಲಲ್ಲ, ಚಳಿಗಾಲದ ಕೊನೆಗೆ, ವರ್ಷದ ಮೊದಲ ತಿಂಗಳುಗಳಲ್ಲಿ. ಆದ್ದರಿಂದ ಡಿಸೆಂಬರಿನಲ್ಲಿ ಅದೇ ವರ್ಷದ ವೈನ್ ಅಂಗಡಿಯಲ್ಲಿ ಸಿಗುವುದು ಸಾಧ್ಯ. ಅದು ಸಿಕ್ಕರೆ ಅದನ್ನೇ ತನ್ನಿ, ಇಲ್ಲದಿದ್ದರೆ ಹಿಂದಿನ ವರ್ಷದ್ದು. ಮೂರು ವರ್ಷ ದಾಟಿದ ಸೋವಿನ್ಯೋದಲ್ಲಿ ಆ ಹಸಿ ಘಮ ಹೋಗಿರುವ ಸಾಧ್ಯತೆಯೇ ಹೆಚ್ಚು.

ವಿಯೋನ್ಯೆ, ಶಾರ್ಡನೆ: ತೆಂಗಿನಹಾಲಿಗೆ

ತೆಂಗಿನಹಾಲಿನ ಸ್ಟ್ಯೂ, ಗೋಡಂಬಿ ಅರೆದ ಬಿಳಿ ಕುರ್ಮಾ, ಬೆಣ್ಣೆ ಹಚ್ಚಿ ಬೇಯಿಸಿದ ಕೋಳಿ ನಿಮ್ಮ ಊಟದ ಮುಖ್ಯ ಪದಾರ್ಥವಾಗಿದ್ದರೆ ಮಾತ್ರ ಈ ಎರಡು ಬಿಳಿ ವೈನ್‌ಗಳ ಕಡೆ ನೋಡಿ. ಬಾಯಿ ತುಂಬುವ ಮೈ ಇದೆ, ಹುಳಿ ಕಡಿಮೆ. ವಿನೆಗರ್ ಇದ್ದ ಕಡೆ ಸೋಲುತ್ತವೆ. ಗ್ರೋವರ್ ಜಂಪಾ ಕಂಪನಿಯ ವಿಯೋನ್ಯೆ ಬೆಂಗಳೂರಿನ ಅಂಗಡಿಗಳಲ್ಲಿ ಸಿಗುತ್ತದೆ. ಏಪ್ರಿಕಾಟ್ ಮತ್ತು ಹೂವಿನ ಘಮ ಏಲಕ್ಕಿ ಹಾಕಿದ ಪುಲಾವ್ ಜೊತೆ ಚೆನ್ನಾಗಿ ಹೋಗುತ್ತದೆ.

ರೋಜೆ: ಕೆಂಪೇ ಬೇಕು ಎನ್ನುವವರನ್ನು ಒಪ್ಪಿಸಲು

ಗುಲಾಬಿ ಬಣ್ಣದ್ದು ಎಂದು ತಳ್ಳಿಹಾಕಬೇಡಿ. ದ್ರಾಕ್ಷಿ ಸಿಪ್ಪೆಯನ್ನು ಕೆಲವೇ ಗಂಟೆ ರಸದಲ್ಲಿ ಬಿಟ್ಟು ತೆಗೆಯುವುದರಿಂದ ಕೆಂಪು ಹಣ್ಣಿನ ರುಚಿ ಬರುತ್ತದೆ, ಒಗರು ಬರುವುದಿಲ್ಲ. ಮಟನ್ ಬಿರಿಯಾನಿ, ಟೊಮೆಟೊ ಹುಳಿಯ ಸಾರು, ಇಂದದ್‌ನಂಥ ಸಿಹಿ-ಹುಳಿ ಹಂದಿ ಮಸಾಲೆ, ಕೋಳಿ ಸುಕ್ಕ ಇವೆಲ್ಲದರ ಜೊತೆ ರೋಜೆ ನಿಲ್ಲುತ್ತದೆ. ಮೇಜಿನ ಸುತ್ತ ಅರ್ಧ ಮಂದಿ ಕೆಂಪು, ಅರ್ಧ ಮಂದಿ ಬಿಳಿ ಎಂದು ಹಟ ಹಿಡಿಯುವ ಮನೆಯಲ್ಲಿ ಇದು ಇಬ್ಬರಿಗೂ ಒಪ್ಪಿಗೆಯಾಗುತ್ತದೆ.

ಶೆನಿನ್ ಮತ್ತು ರೋಜೆ ನಡುವೆ ತೂಗಾಡುತ್ತಿದ್ದರೆ ಹೀಗೆ ನಿರ್ಧರಿಸಿ. ಊಟದಲ್ಲಿ ವಿನೆಗರ್ ಮತ್ತು ಮೀನು ಹೆಚ್ಚಿದ್ದರೆ ಶೆನಿನ್. ಬಿರಿಯಾನಿ, ಹುರಿದ ಮಾಂಸ ಹೆಚ್ಚಿದ್ದರೆ ರೋಜೆ. ಜಿನ್‌ಫಂಡೆಲ್ ದ್ರಾಕ್ಷಿಯ ರೋಜೆಗಳಲ್ಲಿ ಸಿಹಿ ಸ್ವಲ್ಪ ಹೆಚ್ಚಿರುವುದುಂಟು. ಖಾರದ ಊಟಕ್ಕೆ ಅದು ಒಳ್ಳೆಯದೇ.

ಕೆಂಪು ವೈನ್: ಎಲ್ಲಿ ಸರಿ, ಎಲ್ಲಿ ತಪ್ಪು

ಹಬ್ಬಕ್ಕೆ ಕೆಂಪು ವೈನ್ ಇಲ್ಲದಿದ್ದರೆ ಹೇಗೆ ಎನ್ನುವ ಭಾವನೆ ಬಲವಾಗಿದೆ, ಅದರಲ್ಲಿ ತಪ್ಪೇನೂ ಇಲ್ಲ. ಅದಕ್ಕೆ ತಕ್ಕ ಪದಾರ್ಥದ ಪಕ್ಕ ಇಡಬೇಕು, ಅಷ್ಟೆ. ಆಲೂಗಡ್ಡೆ ಜೊತೆ ಬೇಯಿಸಿದ ಮಟನ್ ರೋಸ್ಟ್, ಕಾಳುಮೆಣಸು ಮುಂದಿರುವ ಹಂದಿ ರೋಸ್ಟ್, ಬಾತುಕೋಳಿ, ಹೊಗೆ ಕೊಟ್ಟ ಮಾಂಸ ಇವುಗಳಲ್ಲಿ ಜಿಡ್ಡು, ಉಪ್ಪು ಇದೆ, ಹುಳಿ ಇಲ್ಲ. ಕೆಂಪು ವೈನ್‌ನ ಒಗರಿಗೆ ಬೇಕಾದದ್ದು ಅದೇ.

ನಮ್ಮ ಹತ್ತಿರದ ತೋಟಗಳಲ್ಲೇ ಒಳ್ಳೆಯ ಆಯ್ಕೆಗಳಿವೆ. ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ಜಂಪಾದ ಲಾ ರಿಸರ್ವ್, ಕ್ಯಾಬರ್ನೆ ಸೋವಿನ್ಯೋ ಮತ್ತು ಶಿರಾಜ್ ಎಂಬ ಕೆಂಪು ವೈನ್ ದ್ರಾಕ್ಷಿಗಳನ್ನು ಬೆರೆಸಿದ್ದು. ಕೃಷ್ಮಾ ಎಸ್ಟೇಟ್ಸ್‌ನವರು ಹಂಪಿ ಕಡೆಯ ತೋಟದಲ್ಲಿ ಕ್ಯಾಬರ್ನೆ ಬೆಳೆಯುತ್ತಾರೆ. ಮಹಾರಾಷ್ಟ್ರದ ಅಕ್ಲೂಜ್‌ನ ಫ್ರಾಟೆಲ್ಲಿಯವರ ಸೆಟ್ಟೆಯಲ್ಲಿ ಇಟಲಿಯ ಸಾಂಜೊವೇಸೆ ಮತ್ತು ಕ್ಯಾಬರ್ನೆ ಇವೆ. ಇಂಥವನ್ನು ಮರದ ಪೀಪಾಯಿಯಲ್ಲಿಟ್ಟು ಮಾಗಿಸುತ್ತಾರೆ. ಮರದ ಒಗರು, ವೆನಿಲ್ಲಾ ವಾಸನೆ ಅದರಿಂದ ಬರುತ್ತದೆ. ಒಳ್ಳೆಯ ರೋಸ್ಟ್ ಎದುರು ಇವು ಕೊಟ್ಟ ದುಡ್ಡಿಗೆ ಮೋಸ ಮಾಡುವುದಿಲ್ಲ. ಖಾರದ ಬಾಫತ್ ಎದುರು ಇದೇ ಮರದ ಒಗರು ಕಹಿಯಾಗಿ, 13.5-14 ಶೇಕಡಾ ಆಲ್ಕೋಹಾಲ್ ಉರಿಯಾಗಿ ದುಬಾರಿ ಬಾಟಲಿ ಹಾಳಾಗುತ್ತದೆ. ಹಬ್ಬದ ದಿನ ಆಗುವ ಅತಿ ಸಾಮಾನ್ಯ ತಪ್ಪು ಇದೇ: ಮನೆಯಲ್ಲಿರುವ ಅತ್ಯಂತ ಬೆಲೆಬಾಳುವ ಕೆಂಪು ವೈನನ್ನು ಮೇಜಿನ ಮೇಲಿನ ಅತ್ಯಂತ ಖಾರದ ಪದಾರ್ಥಕ್ಕೆ ಜೊತೆ ಮಾಡುವುದು.

ಬಾಫತ್‌ಗೂ ಕೆಂಪೇ ಬೇಕು ಎಂದರೆ ದಾರಿ ಇದೆ. ಬರೀ ಸಾಂಜೊವೇಸೆ ಅಥವಾ ಟೆಂಪ್ರನಿಯೋ, ಅದೂ ಲೇಬಲ್ ಮೇಲೆ 'ರಿಸರ್ವ್', 'ಓಕ್', 'ಬ್ಯಾರಲ್' ಎಂಬ ಮಾತುಗಳಿಲ್ಲದ, ಇತ್ತೀಚಿನ ವರ್ಷದ, ಅಗ್ಗದ ಬಾಟಲಿ ತನ್ನಿ. ಫ್ರಿಜ್‌ನಲ್ಲಿ ಎರಡು ಗಂಟೆ ಇಟ್ಟು 14 ಡಿಗ್ರಿ ಆಸುಪಾಸಿನಲ್ಲಿ ಕೊಡಿ. ತಂಪಾದಾಗ ಆಲ್ಕೋಹಾಲ್‌ನ ಉರಿ ಅಡಗುತ್ತದೆ, ಹಣ್ಣಿನ ರುಚಿ ಮುಂದೆ ಬರುತ್ತದೆ. ತೀರಾ ತಣ್ಣಗೆ ಮಾಡಬೇಡಿ, 10 ಡಿಗ್ರಿಗೆ ಇಳಿದರೆ ಒಗರು ಮತ್ತೆ ತಲೆ ಎತ್ತುತ್ತದೆ.

ನೊರೆಗುಳ್ಳೆಯ ವೈನ್: ಊಟಕ್ಕೆ ಮೊದಲು

ಅತಿಥಿಗಳು ಬಂದು ಕೂತಾಗ ಚಕ್ಕುಲಿ, ಕಟ್ಲೆಟ್, ಪೊಟೇಟೊ ಚಾಪ್ಸ್ ಮುಂದಿಡುವಿರಾ? ಉಪ್ಪು ಮತ್ತು ಕರಿದ ಎಣ್ಣೆಗೆ ಸಿಹಿ ಕಡಿಮೆಯ ಗುಳ್ಳೆ ವೈನ್, ಅಂದರೆ ಸ್ಪಾರ್ಕ್ಲಿಂಗ್ ಬ್ರೂಟ್‌ನಷ್ಟು ಒಳ್ಳೆಯ ಜೊತೆ ಇನ್ನೊಂದಿಲ್ಲ. ಖಾರದ ಸಾರಿನ ಜೊತೆ ಮಾತ್ರ ಮುಂದುವರಿಸಬೇಡಿ, ಗುಳ್ಳೆ ಚುಚ್ಚುವುದೂ ಮೆಣಸು ಉರಿಯುವುದೂ ಒಂದಕ್ಕೊಂದು ಸೇರಿ ಬಾಯಿಗೆ ಹಿಂಸೆಯಾಗುತ್ತದೆ.

ಲೇಬಲ್ ಓದುವಾಗ ಎಚ್ಚರ. 'ಎಕ್ಸ್‌ಟ್ರಾ ಡ್ರೈ' ಎಂದರೆ ಬ್ರೂಟ್‌ಗಿಂತ ಸಿಹಿ. ಬ್ರೂಟ್‌ನಲ್ಲಿ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ, ಎಕ್ಸ್‌ಟ್ರಾ ಡ್ರೈನಲ್ಲಿ 12ರಿಂದ 17, ಡೆಮಿ ಸೆಕ್‌ನಲ್ಲಿ 32ರಿಂದ 50 ಗ್ರಾಂ. ಡೆಮಿ ಸೆಕ್ ಸಿಕ್ಕರೆ ಅದನ್ನು ಊಟದ ಕೊನೆಗೆ, ರೋಸ್ ಕುಕ್ಕೀಸ್ ಜೊತೆಗೆ ಇಡಿ.

ಬಾಟಲಿಯೊಳಗೆ 5-6 ವಾಯುಮಂಡಲದಷ್ಟು ಒತ್ತಡ ಇರುತ್ತದೆ. ತಂತಿ ಬಿಚ್ಚುವ ಮೊದಲೇ ಹೆಬ್ಬೆರಳನ್ನು ಕಾರ್ಕ್ ಮೇಲೆ ಇಡಿ, ಆಮೇಲೆ ತೆಗೆಯಬೇಡಿ. ಬಾಟಲಿಯನ್ನು 45 ಡಿಗ್ರಿ ವಾಲಿಸಿ, ಬಾಯಿ ಯಾರ ಕಡೆಗೂ ಇರದ ಹಾಗೆ ಹಿಡಿದು, ಕಾರ್ಕನ್ನಲ್ಲ, ಬಾಟಲಿಯ ಬುಡವನ್ನು ನಿಧಾನವಾಗಿ ತಿರುಗಿಸಿ. ಬಾಟಲಿ ಸಾಕಷ್ಟು ತಣ್ಣಗಾಗಿರದಿದ್ದರೆ ನೊರೆ ಉಕ್ಕಿ ಕಾಲು ಭಾಗ ನೆಲಕ್ಕೆ ಹೋಗುತ್ತದೆ.

ಕೇಕ್ ಮತ್ತು ಕುಸ್ವಾರ್‌ಗೆ

ಚರ್ಚಿನಲ್ಲಿ ರಾತ್ರಿಯ ಬಲಿಪೂಜೆ ಮುಗಿಸಿ ಬಂದು ಕೇಕ್ ಜೊತೆ ಒಂದು ಸಣ್ಣ ಲೋಟ ವೈನ್ ಕುಡಿಯುವ ರೂಢಿ ಹಲವು ಮನೆಗಳಲ್ಲಿದೆ. ಇದಕ್ಕೆ ಮೂರು ದಾರಿ.

ನಮ್ಮ ಅಂಗಡಿಗಳಲ್ಲಿ 'ಪೋರ್ಟ್' ಹೆಸರಿನಲ್ಲಿ ಸಿಗುವ ಅಗ್ಗದ ಸಿಹಿ ಕೆಂಪು ವೈನ್ ಮೊದಲನೆಯದು. ಪೋರ್ಚುಗಲ್‌ನ ಡೋರೋ ಕಣಿವೆಯ ನಿಜವಾದ ಪೋರ್ಟ್ ಬೇರೆಯೇ. ಅಲ್ಲಿ ಹುದುಗು ಅರ್ಧದಲ್ಲಿರುವಾಗಲೇ ದ್ರಾಕ್ಷಿಯಿಂದ ಬಟ್ಟಿ ಇಳಿಸಿದ ಸಾರಾಯಿ ಸೇರಿಸಿ ನಿಲ್ಲಿಸುತ್ತಾರೆ, ಹಣ್ಣಿನ ಸಿಹಿ ಉಳಿಯುತ್ತದೆ, ಆಲ್ಕೋಹಾಲ್ 20 ಶೇಕಡಾ ಹತ್ತಿರ ಇರುತ್ತದೆ. ನಮ್ಮಲ್ಲಿನ ಅಗ್ಗದ್ದು ಬಹುತೇಕ ಸಿಹಿ ಮಾಡಿದ ವೈನ್. ಆದರೂ ಪ್ಲಮ್ ಕೇಕ್‌ನ ಒಣದ್ರಾಕ್ಷಿ, ಸುಟ್ಟ ಸಕ್ಕರೆ, ದಾಲ್ಚಿನ್ನಿ ಜೊತೆ ಇದು ಚೆನ್ನಾಗಿಯೇ ಹೊಂದುತ್ತದೆ, ಕಡಿಮೆ ಖರ್ಚಿನವರು ಹಿಂಜರಿಯಬೇಕಿಲ್ಲ. ಊಟದ ಜೊತೆ ಮಾತ್ರ ಕೊಡಬೇಡಿ. ಮೊದಲೇ ಇಷ್ಟು ಸಿಹಿ ಕುಡಿದರೆ ಆಮೇಲೆ ಬರುವ ಯಾವ ವೈನೂ ಹುಳಿ ಅನ್ನಿಸುತ್ತದೆ.

ಎರಡನೆಯದು ಲೇಟ್ ಹಾರ್ವೆಸ್ಟ್. ದ್ರಾಕ್ಷಿಯನ್ನು ಬಳ್ಳಿಯಲ್ಲೇ ಹೆಚ್ಚು ದಿನ ಬಿಟ್ಟು ಸಕ್ಕರೆ ಗಟ್ಟಿಯಾದ ಮೇಲೆ ಕೊಯ್ದು ಮಾಡುವ ಬಿಳಿ ಸಿಹಿ ವೈನ್. ಸುಲಾದ ಲೇಟ್ ಹಾರ್ವೆಸ್ಟ್ ಶೆನಿನ್ ಬ್ಲಾಂಕ್ 375 ಮಿಲೀ ಬಾಟಲಿಯಲ್ಲಿ ಬರುತ್ತದೆ. ಜೇನು, ಮಾಗಿದ ಹಣ್ಣಿನ ರುಚಿ, ಜೊತೆಗೆ ಹುಳಿಯೂ ಇರುವುದರಿಂದ ಬಾಯಿ ಕಟ್ಟುವುದಿಲ್ಲ. ತೆಂಗು-ಎಳ್ಳು ತುಂಬಿದ ನೆವ್ರಿ, ಸಕ್ಕರೆ ಪಾಕದ ಕಿಡಿಯೊ ಇವುಗಳ ಜೊತೆ ಪೋರ್ಟ್‌ಗಿಂತ ಇದು ಎಷ್ಟೋ ಮೇಲು. ತಲೆಗೆ 60 ಮಿಲೀ ಲೆಕ್ಕದಲ್ಲಿ ಆರು ಜನಕ್ಕೆ ಒಂದು ಸಣ್ಣ ಬಾಟಲಿ ಸಾಕು.

ಮೂರನೆಯದು ಮನೆಯಲ್ಲೇ ಮಾಡಿದ್ದು. ಬೆಂಗಳೂರು ನೀಲಿ ದ್ರಾಕ್ಷಿ, ಸಕ್ಕರೆ, ಯೀಸ್ಟ್, ಒಂದು ಹಿಡಿ ಗೋಧಿ, ಚಕ್ಕೆ-ಲವಂಗ ಹಾಕಿ ಭರಣಿಯಲ್ಲಿಟ್ಟದ್ದು. ಭೌಗೋಳಿಕ ಗುರುತು ಪಡೆದಿರುವ ಈ ದ್ರಾಕ್ಷಿಯ ಗಾಢ ಘಮ ಸಿಹಿ ವೈನ್‌ಗೆ ಚೆನ್ನಾಗಿ ಒಪ್ಪುತ್ತದೆ. ಕೇಕ್‌ಗೆ ಇದು ಸರಿಯಾದ ಜೋಡಿ. ಅಪಾಯ ಒಂದೇ: ಹುದುಗು ಪೂರ್ತಿ ನಿಲ್ಲುವ ಮೊದಲೇ ಸೋಸಿ, ಬಾಟಲಿಗೆ ತುಂಬಿ, ಬಿರಟೆ ಬಿಗಿದರೆ ಒಳಗೆ ಗಾಳಿ ಒತ್ತಡ ಏರಿ ಬಾಟಲಿ ಸಿಡಿಯುತ್ತದೆ. ಭರಣಿಯಲ್ಲಿ ಗುಳ್ಳೆ ಏಳುವುದು ನಿಂತು, ಗಸಿ ತಳಕ್ಕೆ ಕೂತು, ಮೇಲಿನ ರಸ ತಿಳಿಯಾದ ಮೇಲೆಯೇ ತುಂಬಿ. ಆಮೇಲೂ ಮುಚ್ಚಳ ಸಡಿಲ ಬಿಟ್ಟು ಫ್ರಿಜ್‌ನಲ್ಲಿಡಿ. ಮಾರುವುದಾದರೆ ಅಬಕಾರಿ ಪರವಾನಗಿ ಬೇಕು, ಅದನ್ನು ಮರೆಯಬೇಡಿ.

ಎಷ್ಟು ಬಾಟಲಿ, ಎಷ್ಟು ದುಡ್ಡು

750 ಮಿಲೀ ಬಾಟಲಿಯಲ್ಲಿ 150 ಮಿಲೀಯ ಐದು ಲೋಟ. ಸ್ಪಾರ್ಕ್ಲಿಂಗ್ ಸ್ವಲ್ಪ ಸ್ವಲ್ಪ ಹಾಕುವುದರಿಂದ ಆರು. ಮೂರು ಗಂಟೆ ನಡೆಯುವ ಮಧ್ಯಾಹ್ನದ ಊಟಕ್ಕೆ, ಕುಡಿಯುವವರು ಎಷ್ಟು ಜನವೋ ಅದರ ಅರ್ಧದಷ್ಟು ಬಾಟಲಿ ಎಂದುಕೊಂಡರೆ ಕೊರತೆಯಾಗುವುದಿಲ್ಲ. ಹನ್ನೆರಡು ಜನರಲ್ಲಿ ಎಂಟು ಮಂದಿ ಕುಡಿಯುವವರಾದರೆ ನಾಲ್ಕು ಬಾಟಲಿ, ಮೇಲೊಂದು ಸಿಹಿ ವೈನ್‌ನ ಸಣ್ಣ ಬಾಟಲಿ.

ಈ ನಾಲ್ಕನ್ನು ಹಂಚುವುದು ಹೇಗೆ? ದುಡ್ಡಿಗೆ ಕಟ್ಟುಪಾಡಿಲ್ಲದಿದ್ದರೆ ಒಂದು ಬ್ರೂಟ್, ಎರಡು ಶೆನಿನ್, ರೋಸ್ಟ್‌ಗಾಗಿ ಒಂದು ಒಳ್ಳೆಯ ಕೆಂಪು. ಮಧ್ಯಮ ಖರ್ಚಿಗೆ ಬ್ರೂಟ್ ಬಿಟ್ಟು ಎರಡು ಶೆನಿನ್, ಒಂದು ರೋಜೆ, ಒಂದು ಮರ ಸೋಕದ ಕೆಂಪು. ಕೈ ಬಿಗಿ ಇದ್ದರೆ ನಾಲ್ಕೂ ಶೆನಿನ್ ತನ್ನಿ, ಕೇಕ್‌ಗೆ ಪೋರ್ಟ್ ತನ್ನಿ. ನಾಲ್ಕು ಬಗೆಯ ಅರೆಬರೆ ವೈನ್‌ಗಿಂತ ಹದವಾಗಿ ತಣ್ಣಗಾದ ಒಂದೇ ಬಗೆಯ ವೈನ್ ಮರ್ಯಾದೆಯಾಗಿ ನಡೆಯುತ್ತದೆ. ಒಂದೇ ಒಂದು ಬಾಟಲಿಗೆ ಹೆಚ್ಚು ಖರ್ಚು ಮಾಡಲು ಸಾಧ್ಯವಾದರೆ ಅದನ್ನು ರೋಸ್ಟ್ ಪಕ್ಕದ ಕೆಂಪಿಗೆ ಹಾಕಿ. ಬಾಫತ್ ಪಕ್ಕ ಇಟ್ಟರೆ ಆ ಹೆಚ್ಚಿನ ದುಡ್ಡಿನ ವ್ಯತ್ಯಾಸ ನಾಲಿಗೆಗೆ ಗೊತ್ತೇ ಆಗುವುದಿಲ್ಲ, ಮಸಾಲೆ ಅದನ್ನು ಮುಚ್ಚಿಬಿಡುತ್ತದೆ.

ಕುಡಿಯದವರಿಗೆ, ಮಕ್ಕಳಿಗೆ, ಊಟ ಮುಗಿಸಿ ಗಾಡಿ ಓಡಿಸಬೇಕಾದವರಿಗೆ ಪುನರ್ಪುಳಿ ಶರಬತ್ತು ಮಾಡಿ. ಸಕ್ಕರೆ ಕಡಿಮೆ ಹಾಕಿ, ಒಂದು ಚಿಟಿಕೆ ಉಪ್ಪು ಸೇರಿಸಿ. ಹುಳಿ, ಸ್ವಲ್ಪ ಸಿಹಿ, ತಂಪು ಮೂರೂ ಇರುವುದರಿಂದ ಬಾಫತ್‌ಗೆ ಇದು ಶೆನಿನ್‌ನಷ್ಟೇ ಚೆನ್ನಾಗಿ ಹೊಂದುತ್ತದೆ.

ತಣ್ಣಗೆ ಮಾಡುವುದು

ಒಳ್ಳೆಯ ವೈನ್ ಕೂಡ ಬೆಚ್ಚಗಿದ್ದರೆ ಕೆಡುತ್ತದೆ, ಮಂಗಳೂರಿನ ಡಿಸೆಂಬರ್ ಮಧ್ಯಾಹ್ನ 30 ಡಿಗ್ರಿ ದಾಟುವುದು ಮಾಮೂಲು. ಕೆಂಪು ವೈನ್ ಕೋಣೆಯ ಬಿಸಿಯಲ್ಲಿ ಕೊಡಬೇಕು ಎನ್ನುವ ಮಾತು ಯುರೋಪಿನ ಚಳಿ ಕೋಣೆಗೆ ಹೇಳಿದ್ದು. ನಮ್ಮ ಕೋಣೆಗೆ ಅನ್ವಯಿಸುವುದಿಲ್ಲ. ಸ್ಪಾರ್ಕ್ಲಿಂಗ್ 6-8 ಡಿಗ್ರಿ, ಶೆನಿನ್, ಸೋವಿನ್ಯೋ, ರೋಜೆ 8-10, ವಿಯೋನ್ಯೆ 10-12, ಮರದಲ್ಲಿ ಮಾಗಿದ ಕೆಂಪು 16-18.

ಥರ್ಮಾಮೀಟರ್ ಇಲ್ಲದೆಯೂ ಇದು ಆಗುತ್ತದೆ. ಬಿಳಿ ಮತ್ತು ರೋಜೆಯನ್ನು ಊಟಕ್ಕೆ ಮೂರು ಗಂಟೆ ಮೊದಲು ಫ್ರಿಜ್‌ಗೆ ಹಾಕಿ, ಬಡಿಸುವ 10 ನಿಮಿಷ ಮೊದಲು ಹೊರತೆಗೆಯಿರಿ. ದೊಡ್ಡ ಕೆಂಪು ವೈನನ್ನು ಬಡಿಸುವ ಒಂದೂವರೆ ಗಂಟೆ ಮೊದಲು ಫ್ರಿಜ್‌ನಲ್ಲಿಡಿ. ಹಬ್ಬದ ದಿನ ಫ್ರಿಜ್‌ನಲ್ಲಿ ಮಾಂಸ, ಸಾಸಿವೆ ಡಬ್ಬ, ಪುಡ್ಡಿಂಗ್ ತುಂಬಿ ಜಾಗವೇ ಇರುವುದಿಲ್ಲ. ಆಗ ಬಕೆಟ್ ಹಿಡಿಯಿರಿ: ಅರ್ಧ ಐಸ್, ಅರ್ಧ ನೀರು, ಎರಡು ಹಿಡಿ ಕಲ್ಲುಪ್ಪು, ಬಾಟಲಿಯ ಕುತ್ತಿಗೆವರೆಗೆ. 20 ನಿಮಿಷಕ್ಕೆ ಬಿಳಿ ವೈನ್ ತಯಾರು. ಬರೀ ಐಸ್ ಹಾಕಿದರೆ ತುಂಡುಗಳ ನಡುವೆ ಗಾಳಿ ಉಳಿದು ತಡವಾಗುತ್ತದೆ, ನೀರು ಬಾಟಲಿಯನ್ನು ಸುತ್ತಲೂ ಮುಟ್ಟಬೇಕು. ಫ್ರೀಜರ್‌ನಲ್ಲಿಟ್ಟು ಮರೆತರೆ ಬಾಟಲಿ ಒಡೆಯುತ್ತದೆ, ಸ್ಪಾರ್ಕ್ಲಿಂಗ್ ಅಂತೂ ಅಲ್ಲಿಗೆ ಹಾಕಲೇಬಾರದು.

ಲೋಟ ತುಂಬಿಸಬೇಡಿ. ಸೆಕೆಯಲ್ಲಿ ಲೋಟದ ವೈನ್ ಬೇಗ ಬೆಚ್ಚಗಾಗುತ್ತದೆ, 100 ಮಿಲೀ ಹಾಕಿ, ಮುಗಿದಂತೆ ಮತ್ತೆ ಹಾಕಿ.

ಅಂಗಡಿಯಲ್ಲಿ, ಮತ್ತು ಊಟದ ನಂತರ

ಎಷ್ಟೋ ವೈನ್ ಶಾಪ್‌ಗಳಲ್ಲಿ ವೈನ್ ಬಾಟಲಿಗಳು ಮೇಲಿನ ಶೆಲ್ಫ್‌ನಲ್ಲಿ, ಟ್ಯೂಬ್‌ಲೈಟ್ ಪಕ್ಕದಲ್ಲಿ, ಧೂಳು ಹಿಡಿದು ತಿಂಗಳುಗಟ್ಟಲೆ ನಿಂತಿರುತ್ತವೆ. ಕಾರ್ಕ್ ಬಾಟಲಿಯ ಅಂಚಿಗಿಂತ ಮೇಲೆ ಉಬ್ಬಿದ್ದರೆ, ಕುತ್ತಿಗೆಯ ಹತ್ತಿರ ಅಂಟು ಅಂಟು ಕಲೆ ಇದ್ದರೆ ಅದು ಬಿಸಿಗೆ ಬೆಂದಿದೆ, ಬೇಡ ಎನ್ನಿ. ಒಂದೇ ವೈನ್‌ನ ಎರಡು ಬಾಟಲಿಗಳಲ್ಲಿ ಒಂದರ ಮಟ್ಟ ಕೆಳಗಿದ್ದರೆ ಇನ್ನೊಂದನ್ನು ತಗೊಳ್ಳಿ. ಬಿಳಿ ವೈನ್ ಬಣ್ಣ ಗಾಢ ಹಳದಿಗೆ, ಕಂದಿಗೆ ತಿರುಗಿದ್ದರೂ ಬೇಡ. ಹವಾನಿಯಂತ್ರಣ ಇರುವ ಅಂಗಡಿ ಸ್ವಲ್ಪ ದೂರವಾದರೂ ಹೋಗುವುದು ಲಾಭ. ತಿರುಪು ಮುಚ್ಚಳದ ಬಾಟಲಿ ಕಳಪೆ ಎಂದು ತಿಳಿಯಬೇಡಿ, ಸೆಕೆಯ ಊರಿಗೆ ಅದು ಕಾರ್ಕ್‌ಗಿಂತ ಭರವಸೆಯದು. ತೆರೆದಾಗ ಒದ್ದೆ ರಟ್ಟಿನ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ. ಆ ವಾಸನೆ ಗಾಳಿಗೆ ಬಿಟ್ಟರೂ ಹೋಗುವುದಿಲ್ಲ, ಇನ್ನೊಂದು ಬಾಟಲಿ ತೆರೆಯಿರಿ. ಖರೀದಿಸಿ ಕಾರಿನಲ್ಲಿ ಬಿಸಿಲಿಗೆ ಬಿಟ್ಟು ಬೇರೆ ಶಾಪಿಂಗ್‌ಗೆ ಹೋಗಬೇಡಿ, ಆರಿಸಿ ತಂದ ಶ್ರಮವೆಲ್ಲ ಎರಡು ಗಂಟೆಯಲ್ಲಿ ಹೋಗುತ್ತದೆ.

ಉಳಿದರೆ ಮುಚ್ಚಳ ಬಿಗಿದು ಫ್ರಿಜ್‌ನಲ್ಲಿಡಿ, ಕೆಂಪನ್ನೂ. ಬಿಳಿ ಮತ್ತು ರೋಜೆ 3-4 ದಿನ, ಕೆಂಪು 3 ದಿನ ಚೆನ್ನಾಗಿರುತ್ತವೆ. ಸ್ಪಾರ್ಕ್ಲಿಂಗ್‌ಗೆ ಅದರದೇ ಬಿರಟೆ ಹಾಕಿದರೂ ಮರುದಿನಕ್ಕೆ ಮುಗಿಸಬೇಕು. ನಿಜವಾದ ಪೋರ್ಟ್ ಕೆಲವು ವಾರ ತಡೆಯುತ್ತದೆ. ದಿನ ದಾಟಿ ಹುಳಿ ಏರಿದ ಕೆಂಪು ವೈನ್ ಅರ್ಧ ಲೋಟ ಉಳಿದಿದ್ದರೆ, ಮುಂದಿನ ಬಾಫತ್‌ಗೆ ವಿನೆಗರ್ ಅರ್ಧ ಕಡಿಮೆ ಮಾಡಿ ಅದನ್ನೇ ಹಾಕಿ ಕುದಿಸಿ.